ಬಲಿಷ್ಠ ನಾಯಿಯೊಂದಿಗೆ ಹಗ್ಗ ಎಳೆಯುವ ಆಟ ಆಡುವುದು ಸುರಕ್ಷಿತವೇ?

ಖಂಡಿತ ಆಡಬಹುದು, ಬೆಲ್ಜಿಯನ್ ಮ್ಯಾಲಿನ್ವಾದಂತಹ ಬೇಟೆಯ ಹುಮ್ಮಸ್ಸು ಹೆಚ್ಚಿರುವ ನಾಯಿ ಆಟದಲ್ಲಿ ಗೆದ್ದರೆ ಯಜಮಾನನ ಮೇಲೆಯೇ ತಿರುಗಿಬೀಳುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಆದರೆ ‘ಬಿಡು’ ಎಂದಾಗ ಬಿಡುವುದನ್ನು ಅದಕ್ಕೆ ಮೊದಲೇ ಕಲಿಸಿರಬೇಕು.

ನಾವು ಎಳೆದಷ್ಟೂ ನಾಯಿಯ ಹಿಡಿತ ಬಿಗಿಯಾಗುತ್ತದೆ, ಏಕೆಂದರೆ ಅಲುಗಾಡುವ ಹಗ್ಗ ಅದಕ್ಕೆ ಜೀವವಿರುವ ಬೇಟೆಯಂತೆ ತೋರುತ್ತದೆ. ಆದ್ದರಿಂದ ಕಿತ್ತುಕೊಳ್ಳಲು ಹೋಗದೆ, ಹಗ್ಗವನ್ನು ಎರಡೂ ಕೈಗಳಿಂದ ತೊಡೆಗೆ ಒತ್ತಿ ಹಿಡಿದು ಅಲುಗಾಡದೆ ನಿಂತರೆ, ಸ್ವಲ್ಪ ಹೊತ್ತಿನಲ್ಲಿ ದವಡೆ ಸಡಿಲಗೊಳ್ಳುತ್ತದೆ. ಬಿಟ್ಟ ಕೂಡಲೇ ‘ಹಿಡಿ’ ಎಂದು ಹಗ್ಗವನ್ನು ಮತ್ತೆ ಕೊಡಿ. ಬಿಟ್ಟರೆ ಆಟ ಮುಗಿಯುವುದಿಲ್ಲ ಎಂಬುದು ನಾಯಿಗೆ ಮನದಟ್ಟಾಗುವುದೇ ಈ ಆಟದ ಜೀವಾಳವೆಂದು ನಾನು ನಂಬಿದ್ದೇನೆ.

ಹಗ್ಗ ನಾಯಿಯ ಎದೆಯ ಮಟ್ಟದಲ್ಲಿದ್ದು ಅಕ್ಕಪಕ್ಕಕ್ಕೆ ಮಾತ್ರ ಆಡಲಿ. ಮೇಲಕ್ಕೆ ಜಗ್ಗುವುದಾಗಲಿ, ಕಚ್ಚಿಕೊಂಡ ನಾಯಿಯನ್ನು ನೆಲದಿಂದ ಎತ್ತಿ ತಿರುಗಿಸುವುದಾಗಲಿ ಕುತ್ತಿಗೆಗೆ ಅಪಾಯಕಾರಿ. ನುಣುಪಾದ ಟೈಲ್ಸ್ ಬೇಡ, ಮಣ್ಣು ಅಥವಾ ಹುಲ್ಲು ಒಳ್ಳೆಯದು. ಹಾಲುಹಲ್ಲು ಬೀಳುವ ವಯಸ್ಸಿನ, ಅಂದರೆ ಸುಮಾರು 3ರಿಂದ 6 ತಿಂಗಳ ಮರಿಯೊಂದಿಗೆ ತೀರಾ ಮೃದುವಾಗಿ ಆಡಿ. ಹಲ್ಲು ನಿಮ್ಮ ಕೈಗೆ ತಾಗಿದರೆ ಆಟವನ್ನು ತಕ್ಷಣ ನಿಲ್ಲಿಸಿ. ಆಟಿಕೆಯ ಹತ್ತಿರ ಹೋದರೇ ಮೈ ಸೆಟೆದುಕೊಂಡು ದಿಟ್ಟಿಸುವ ನಾಯಿಯಾದರೆ, ತರಬೇತುದಾರರ ನೆರವಿಲ್ಲದೆ ಈ ಆಟವನ್ನು ಆರಂಭಿಸಬೇಡಿ.