ಚರ್ಮದ ಡಾಕ್ಟರಿಗೆ ಬಿಪಿ ಯಂತ್ರ ಯಾಕೆ?

ಪ್ರಶ್ನೆ: ಹತ್ತು ವರ್ಷದ ಮಗಳಿಗೆ ಮೊಣಕೈ, ತಲೆಯಲ್ಲಿ ಸೋರಿಯಾಸಿಸ್. ಡಾಕ್ಟರು ಮುಲಾಮಿನ ಜತೆ ಕೊಲೆಸ್ಟ್ರಾಲ್ ಪರೀಕ್ಷೆಯನ್ನೂ ಬರೆದಿದ್ದಾರೆ, ಬಿಪಿ ನೋಡಿದ್ದಾರೆ. ಚರ್ಮಕ್ಕೆ ಇದೆಲ್ಲ ಬೇಕೇ ಮೇಡಂ? ಹೃದಯದ ಸ್ಕ್ಯಾನ್ (ಎಕೋ) ಮಾಡಿಸಿಬಿಡಲೇ?

ಉತ್ತರ: ‘ಲ್ಯಾಬ್ ಕಮಿಷನ್’ ಎಂದು ನೀವು ಬರೆದಿಲ್ಲ, ಅನುಮಾನ ಮಾತ್ರ ಸಾಲುಸಾಲಿನಲ್ಲೂ ಇದೆ. ನಿಮ್ಮ ಡಾಕ್ಟರು ಮಾಡಿದ್ದು ಸರಿ. ಎಕೋ ಬೇಡ, ಮಗುವಿನ ಹೃದಯಕ್ಕೆ ಈಗ ಏನೂ ಆಗಿಲ್ಲ.

ಸೋರಿಯಾಸಿಸ್ ಬರೀ ಚರ್ಮದ ಸಿಪ್ಪೆಯಲ್ಲ. ರೋಗನಿರೋಧಕ ಶಕ್ತಿ ದಾರಿ ತಪ್ಪಿ ಹುಟ್ಟಿಸುವ ಉರಿಯೂತ ಅದು. ಅದು ರಕ್ತನಾಳದ ಒಳಗೋಡೆಯನ್ನೂ ಬಿಡುವುದಿಲ್ಲ. ತೀವ್ರ ಸೋರಿಯಾಸಿಸ್ ಇರುವ ದೊಡ್ಡವರಲ್ಲಿ ಹೃದಯಾಘಾತ ಹೆಚ್ಚು. ಮಕ್ಕಳಲ್ಲಿ ನಾವು ನೋಡುವುದು ಅದರ ಬೀಜಗಳನ್ನು: ತೂಕ, ಬಿಪಿ, ಕೊಬ್ಬು. ಈ ಮಕ್ಕಳಲ್ಲಿ ಬೊಜ್ಜು ಹೆಚ್ಚು, ಎಷ್ಟೋ ಸಲ ಕಲೆಗಿಂತ ಮೊದಲೇ ಬೊಜ್ಜು ಬಂದಿರುತ್ತದೆ. ಹಾಗಾಗಿ ಎತ್ತರ–ತೂಕದ ಲೆಕ್ಕ 2 ವರ್ಷದಿಂದ, ಬಿಪಿ 3 ವರ್ಷದಿಂದ, ವರ್ಷಕ್ಕೊಮ್ಮೆ. ಕೊಲೆಸ್ಟ್ರಾಲನ್ನು 9ರಿಂದ 11ರೊಳಗೆ ಒಮ್ಮೆ, 17 ದಾಟಿದ ಮೇಲೆ ಇನ್ನೊಮ್ಮೆ ನೋಡಬೇಕೆಂದು ಅಮೆರಿಕದ ಮಾರ್ಗಸೂಚಿ ಎಲ್ಲ ಮಕ್ಕಳಿಗೂ ಹೇಳುತ್ತದೆ. ನಿಮ್ಮ ಮಗಳಿಗೆ ತಪ್ಪಿಸಬೇಡಿ. ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲ್ 110ಕ್ಕಿಂತ ಕೆಳಗಿದ್ದರೆ ನೆಮ್ಮದಿ, 130 ಮುಟ್ಟಿದರೆ ಹೆಚ್ಚು.

ಬಿಪಿಗೆ ದೊಡ್ಡವರ ಲೆಕ್ಕ ಹಾಕಬೇಡಿ. ಮಗುವಿನ ವಯಸ್ಸು, ಎತ್ತರ ನೋಡಿಯೇ ಹೇಳಬೇಕು. ತೋಳಿಗೆ ಕಟ್ಟುವ ಪಟ್ಟಿ ಚಿಕ್ಕದಾದರೆ ಇಲ್ಲದ ಬಿಪಿಯೂ ಕಾಣುತ್ತದೆ. ಸೋರಿಯಾಸಿಸ್ ಜೋರಾದಾಗ ಕೊಡುವ ಔಷಧಿಗಳಲ್ಲಿ ಸೈಕ್ಲೋಸ್ಪೊರಿನ್ ಬಿಪಿ ಏರಿಸುತ್ತದೆ, ಅಸಿಟ್ರೆಟಿನ್ ರಕ್ತದ ಕೊಬ್ಬಾದ ಟ್ರೈಗ್ಲಿಸರೈಡ್ ಏರಿಸುತ್ತದೆ. ಮುಂದೆಂದಾದರೂ ಇವು ಬೇಕಾದರೆ ಇಂದಿನ ರಿಪೋರ್ಟೇ ಹೋಲಿಕೆಗೆ ಆಧಾರ, ಎಸೆಯಬೇಡಿ. ಇನ್ನು ಶಾಲೆಯಿಂದ ಬಂದೊಡನೆ ಬೇಕರಿ ಪಫ್ಸು, ಕುರುಕಲು ಪ್ಯಾಕೆಟ್ಟು? ಅದನ್ನು ನಿಲ್ಲಿಸಲು ನನ್ನ ಚೀಟಿ ಬೇಕಿಲ್ಲ. ದಿನಕ್ಕೊಂದು ಗಂಟೆ ಬೆವರು ಬರುವಂತೆ ಓಡಾಡಲಿ, ಕಲೆ ಕಾಣುತ್ತದೆಂದು ಆಟದ ಪೀರಿಯಡ್ ತಪ್ಪಿಸಬೇಡಿ.

ಪ್ರಶ್ನೆ: ಪುಡಿ ಕೊಡುವ ಒಬ್ಬರಲ್ಲಿ ಮಗನ ಕಲೆ ಹತ್ತೇ ದಿನಕ್ಕೆ ಹೋಯಿತು. ಮುಂದುವರಿಸಲೇ?

ಉತ್ತರ: ಹತ್ತು ದಿನಕ್ಕೆ ಮಾಯವಾಯಿತೆಂದರೆ ನನ್ನ ಮೊದಲ ಅನುಮಾನ ಸ್ಟೀರಾಯ್ಡ್ ಮೇಲೆ. ಮುಖ ಊದುವುದು, ತೂಕ ಏರುವುದು, ಬಿಪಿ ಏರುವುದು ಅದರದೇ ಕೊಡುಗೆ. ಥಟ್ಟನೆ ನಿಲ್ಲಿಸಿದರೆ ಮೈತುಂಬ ಕೀವುಗುಳ್ಳೆ ಏಳಬಹುದು. ಪೊಟ್ಟಣ ಕೈಯಲ್ಲಿ ಹಿಡಿದು ಇಂದೇ ಚರ್ಮತಜ್ಞರ ಬಳಿ ಹೋಗಿ. ನಿಲ್ಲಿಸುವ ಬಗೆ ಅವರೇ ಹೇಳಲಿ.

ಪ್ರಶ್ನೆ: ಬದನೆಕಾಯಿ ನಂಜಲ್ಲವೇ?

ಉತ್ತರ: ಅಲ್ಲ. ಎಣ್ಣೆ ಕಡಿಮೆ ಹಾಕಿ.

ಪ್ರಶ್ನೆ: ತಮ್ಮನಿಗೆ ಅಂಟುತ್ತದೆಯೇ?

ಉತ್ತರ: ಇಲ್ಲ. ಒಂದೇ ಟವಲ್ ಬಳಸಿದರೂ ಇಲ್ಲ.