1890ರ ಸುಮಾರಿನ ಸಕಲೇಶಪುರ ದಾಖಲೆಯಲ್ಲಿ ಮುತ್ತಜ್ಜಿಯ ಹೆಸರಿಲ್ಲ: ಪ್ರತಿಕ್ರಿಯೆ

1890ರ ಸುಮಾರಿನ ಸಕಲೇಶಪುರದ ಜಮೀನಿನ ಕಾಗದದಲ್ಲಿ ವಿಧವೆ ಮುತ್ತಜ್ಜಿಯ ಹೆಸರು ಏಕಿಲ್ಲ ಎಂದು ಕೇಳಿದ್ದೀರಿ. ಅದಕ್ಕೆ ಬಹುಶಃ ಅವಿಭಕ್ತ ಕುಟುಂಬವೇ ಕಾರಣ. ಗಂಡುಮಕ್ಕಳಿಲ್ಲದಿದ್ದರೆ ಮಿತಾಕ್ಷರದಂತೆ (ಆಗಿನ ಹಿಂದೂ ಉತ್ತರಾಧಿಕಾರದ ಪದ್ಧತಿ) ಗಂಡನ ಪಾಲು ಅವನ ಅಣ್ಣತಮ್ಮಂದಿರಿಗೆ, ಅವಳಿಗೆ ಬರೀ ಅನ್ನ-ಬಟ್ಟೆ. ಮೈಸೂರಿನಲ್ಲಿ ಇದು ಸಡಿಲವಾದದ್ದು 1933ರ ಹಿಂದೂ ಮಹಿಳಾ ಹಕ್ಕುಗಳ ಕಾಯ್ದೆಯಿಂದ. ಹಾಗಾಗಿ ಖಾತೆ ಬಿಡಿ, ಜಮೀನಿನ ಮೇಲೆ ಬರೆದುಕೊಟ್ಟ ಜೀವನಾಂಶ ಪತ್ರ ಹುಡುಕಿ.

ಉಪನೋಂದಣಿ ಕಚೇರಿಯಲ್ಲಿ ಮೊದಲು ಹೆಸರುಗಳಿರುವ ಒಂದನೇ ಇಂಡೆಕ್ಸ್ ಕೇಳಿ. ಗಂಡ ತೀರಿದ ವರ್ಷದಿಂದ ಐದಾರು ವರ್ಷ ಮುಂದಕ್ಕೆ ನೋಡಿ. ಗಂಡನ ಹೆಸರು ಗೊತ್ತಿರಲೇಬೇಕು. ‘ಇಂಥವಳು ಕೋಂ ಇಂಥವನು’ (ಕೋಂ ಎಂದರೆ ಹೆಂಡತಿ) ಎಂದೇ ಬರೆಯುತ್ತಿದ್ದರು. ಮಗ ಚಿಕ್ಕವನಿದ್ದರೆ ಅವಳ ಹೆಸರು ‘ಮೈನರ್ ಗಾರ್ಡಿಯನ್’ (ಅಪ್ರಾಪ್ತ ಮಗನ ಪಾಲಕಿ) ಎಂದಿರಬಹುದು. ಸಕಲೇಶಪುರ ತಾಲೂಕಿನ ಹೆಸರು ಆಗ ಮಂಜರಾಬಾದ್, ಜನ ಎಡವುವುದೇ ಇಲ್ಲಿ. ದಸ್ತಾವೇಜು ಸಂಖ್ಯೆ ಸಿಕ್ಕರೆ ದೃಢೀಕೃತ ನಕಲಿಗೆ ಅರ್ಜಿ ಹಾಕಿ.