ಬೇರೆಯವರ ಚಿತ್ರಕ್ಕೆ ಅಚ್ಚು ಹಾಕುವುದು ಜೆರಾಕ್ಸ್ ಅಂಗಡಿ ಕೆಲಸವೇ?

ನಿಮ್ಮ ಪ್ರಶ್ನೆ ಇದು: "ಬಿಎಫ್‌ಎ (ಲಲಿತಕಲೆಯ ಪದವಿ) ಮುಗಿಸಿದ್ದೇನೆ. ಒಂದು ಪ್ರಿಂಟ್ ಸ್ಟುಡಿಯೋದಲ್ಲಿ ಪ್ರಿಂಟರ್ ಕೆಲಸ ಸಿಕ್ಕಿದೆ. ಬೇರೆ ಕಲಾವಿದರ ಚಿತ್ರಗಳಿಗೆ ಅಚ್ಚು ಹಾಕಿಕೊಡಬೇಕು. ಇದು ಜೆರಾಕ್ಸ್ ಅಂಗಡಿ ಕೆಲಸ ಅಂತಾರೆ ಅಪ್ಪ. ಸೇರಲೋ ಬೇಡವೋ?"

ಸೇರಿ.

ನಾನೂ ಹೀಗೇ ಸೇರಿದವನು. ಬೆಂಗಳೂರಿನಲ್ಲಿ ಏಳು ವರ್ಷ ಬೇರೆಯವರು ಚಿತ್ರ ಬರೆದ ಲೋಹದ ತಗಡಿಗೆ, ಅಂದರೆ ಪ್ಲೇಟಿಗೆ, ಇಂಕ್ ತಿಕ್ಕಿದೆ. ಈಗ ಚಿಕ್ಕಮಗಳೂರಿನಲ್ಲಿ, ಹಿಂದೆ ಕಾಫಿ ಮೂಟೆ ಇಡುತ್ತಿದ್ದ ಒಂದು ಗೋಡೌನಿನಲ್ಲಿ ಎಚಿಂಗ್ ಪ್ರೆಸ್ (ಇಂಕ್ ಹಚ್ಚಿದ ಪ್ಲೇಟಿನ ಚಿತ್ರವನ್ನು ಕಾಗದಕ್ಕೆ ಒತ್ತುವ ಯಂತ್ರ) ಇಟ್ಟುಕೊಂಡು ಅದೇ ಕೆಲಸ ಮಾಡುತ್ತಿದ್ದೇನೆ. ನಮ್ಮಪ್ಪ ಜೆರಾಕ್ಸ್ ಅನ್ನಲಿಲ್ಲ. "ಮದುವೆ ಕಾರ್ಡೂ ಹಾಕ್ತೀರಾ?" ಅಂತ ಕೇಳಿದ್ದರು. ಊರಲ್ಲಿ ಈಗಲೂ ಕೇಳುತ್ತಾರೆ. ಬೇಜಾರಿಲ್ಲ.

ಜೆರಾಕ್ಸ್ ಮಷೀನಿಗೆ ಒಂದು ಒರಿಜಿನಲ್ ಕೊಡಬೇಕು, ಅಲ್ವಾ? ನಮ್ಮಲ್ಲಿಗೆ ಬರುವವರ ಹತ್ತಿರ ಒರಿಜಿನಲ್ ಇರುವುದೇ ಇಲ್ಲ. ಇರುವುದು ಒಂದು ಸತುವಿನ ತಗಡು, ಇಲ್ಲವೇ ತಾಮ್ರದ್ದು. ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡುವ ಮರದ ಅಚ್ಚು ನೋಡಿದ್ದೀರಲ್ಲ? ಅದರಲ್ಲಿರುವುದು ಬರೀ ಗುಳಿ. ಪಾಕದ ಹದ ತಪ್ಪಿದರೆ ಆನೆಗೆ ಸೊಂಡಿಲೇ ಬರುವುದಿಲ್ಲ. ನಮ್ಮಮ್ಮ ಒಂದು ಅಚ್ಚನ್ನೂ ಕೆತ್ತಿದವರಲ್ಲ. ಆದರೂ ಅದೇ ಮರದ ಅಚ್ಚಲ್ಲಿ ಅವರು ತೆಗೆದ ಆನೆ ಬೇರೆ, ನಮ್ಮತ್ತೆ ತೆಗೆದ ಆನೆ ಬೇರೆ.

ಪ್ಲೇಟಿನದ್ದೂ ಅದೇ ಕತೆ. ಅದರಲ್ಲಿ ಆಸಿಡ್ ಕೊರೆದ ಗೆರೆಗಳೇ ಗುಳಿ. ಮೊದಲು ಆ ಗೆರೆಯೊಳಗೆಲ್ಲ ಇಂಕ್ ತುಂಬಬೇಕು. ಆಮೇಲೆ ಗಂಜಿ ಹಾಕಿದ ಜಾಳು ಬಟ್ಟೆಯಲ್ಲಿ ಮೇಲಿನ ಇಂಕ್ ಒರೆಸಬೇಕು. ಕೊನೆಗೆ ಅಂಗೈ ಅಂಚಿಗೆ ಚೂರು ಚಾಕ್ ಪುಡಿ ಮುಟ್ಟಿಸಿಕೊಂಡು, ಮಗುವಿನ ಕೆನ್ನೆಗೆ ಪೌಡರ್ ಸವರಿದಷ್ಟು ಹಗುರವಾಗಿ ಕೈಯಾಡಿಸಬೇಕು. ಜಾಸ್ತಿ ಒರೆಸಿದರೆ ಗೆರೆಯೊಳಗಿನ ಇಂಕೂ ಎದ್ದು ಬರುತ್ತದೆ. ಕಮ್ಮಿಯಾದರೆ ಇಡೀ ಚಿತ್ರದ ಮೇಲೆ ಮಂಜು ಕೂತ ಹಾಗೆ. ಮುಳ್ಳಯ್ಯನಗಿರಿ ಬರೆದವರಿಗೆ ಆ ಮಂಜೇ ಬೇಕಾಗಿರಬಹುದು! ಹಾಗಾಗಿ ಕೈ ನನ್ನದಾದರೂ, ಎಷ್ಟು ಒರೆಸಬೇಕು ಎನ್ನುವುದನ್ನು ಇಬ್ಬರೂ ಪ್ಲೇಟಿನ ಮುಂದೆ ನಿಂತು ತೀರ್ಮಾನಿಸಬೇಕು.

ಒಂದು ಜುಲೈ ತಿಂಗಳ ಕತೆ ಹೇಳುತ್ತೇನೆ. ಸಕಲೇಶಪುರದ ಕಡೆಯ ಒಬ್ಬ ಹಿರಿಯ ಕಲಾವಿದೆ ಬಂದಿದ್ದರು. ಹಂಚಿನ ಮನೆ, ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಮೇಲೆ ಖಾಲಿ ಆಕಾಶ. ಪ್ಲೇಟಿಗೆ ಗ್ರೌಂಡ್, ಅಂದರೆ ಆಸಿಡ್ ತಡೆಯುವ ಲೇಪ, ಹಚ್ಚಿಕೊಟ್ಟಿದ್ದು ನಾನು. ಅವರು ಸೂಜಿಯಲ್ಲಿ ಗೀರಿ ಬರೆದು ಕೊಟ್ಟರು. ಗೀರಿದ ಕಡೆ ಮಾತ್ರ ಆಸಿಡ್ ತಗಡನ್ನು ತಿನ್ನಬೇಕು. ನಾನು ನೈಟ್ರಿಕ್ ಆಸಿಡ್ ಟ್ರೇಯಲ್ಲಿ ಬಿಟ್ಟು, ಗೆರೆಗಳ ಮೇಲೆ ಏಳುವ ಗುಳ್ಳೆಗಳನ್ನು ಕೋಳಿ ಪುಕ್ಕದಿಂದ ಸರಿಸುತ್ತಾ ನಿಂತಿದ್ದೆ. ನೋಡುತ್ತೇನೆ, ಆಕಾಶದಲ್ಲೂ ಗುಳ್ಳೆ ಏಳುತ್ತಿದೆ. ಅಲ್ಲಿ ಅವರು ಒಂದು ಗೆರೆಯನ್ನೂ ಎಳೆದಿರಲಿಲ್ಲ. ನಾನು ಹಚ್ಚಿದ ಗ್ರೌಂಡ್ ಅಲ್ಲಿ ತೆಳುವಾಗಿತ್ತು, ಆಸಿಡ್ ಒಳಗೆ ನುಗ್ಗಿತ್ತು. ತಕ್ಷಣ ಎತ್ತಿ ತೊಳೆದೆ. ಆದರೆ ಆಗುವುದು ಆಗಿತ್ತು.

ಮಳೆಯ ಮೇಲೆ ತಪ್ಪು ಹಾಕಬಹುದಿತ್ತು. ಹಾಕಲಿಲ್ಲ. "ಮೇಡಂ, ನನ್ನಿಂದ ಹೀಗಾಯ್ತು" ಅಂದೆ. ಅವರು ಕಾಫಿ ಕುಡಿದು ಮುಗಿಸುವವರೆಗೂ ಮಾತಾಡಲಿಲ್ಲ. ಆಮೇಲೆ, "ಒಂದು ಪ್ರೂಫ್ ತೆಗಿಯಪ್ಪ, ನೋಡೋಣ" ಅಂದರು. ಪರೀಕ್ಷೆಗೆ ಒಂದು ಪ್ರತಿ ತೆಗೆದೆವು. ಆಕಾಶದ ತುಂಬ ಸಣ್ಣ ಸಣ್ಣ ಚುಕ್ಕೆ, ಹನಿ ಹಾಕುತ್ತಿದೆಯೇನೋ ಅನ್ನುವ ಹಾಗೆ. ಅವರು ಬಹಳ ಹೊತ್ತು ನೋಡಿ, "ಮರದ ಮೇಲಿರೋದು ಇರ್ಲಿ. ಮನೆ ಮೇಲಿಂದು ತೆಗಿ, ಬಲಗಡೆದು" ಅಂದರು. ನಾನು ಸ್ಕ್ರೇಪರ್ ಹಿಡಿದು ಪ್ಲೇಟಿನ ಬಲಗಡೆ ಹೆರೆಯಲು ಶುರುಮಾಡಿದೆ. ಅವರು ಹೇಳಿದ್ದು ಕಾಗದದ ಬಲಗಡೆ! ಪ್ಲೇಟಿನಲ್ಲಿ ಅದು ಎಡಗಡೆ ಇರುತ್ತದೆ. ಏಳು ವರ್ಷ ಕೆಲಸ ಮಾಡಿದವನಿಗೆ ಇದೂ ಮರೆತುಹೋಗಿತ್ತು ನೋಡಿ. ಬೆರಳಗಲ ಹೆರೆದ ಮೇಲೆ ಅವರೇ ಕೈ ಹಿಡಿದು ನಿಲ್ಲಿಸಿದರು. ಮನೆ ಮೇಲಿನ ಚುಕ್ಕೆ ತೆಗೆದು ನಯ ಮಾಡಲು ಎರಡು ದಿನ ಹಿಡಿಯಿತು. ಮರದ ಪಕ್ಕದಲ್ಲಿ ನಾನು ತಪ್ಪಿ ಹೆರೆದ ಜಾಗ ಮಾತ್ರ ಬಿಸಿಲು ಇಣುಕಿದಂತೆ ಬೆಳ್ಳಗೆ ಉಳಿಯಿತು. ಅದನ್ನು ಮುಟ್ಟಬೇಡ ಅಂದರು. ಈಗ ಹೇಳಿ, ಆ ಆಕಾಶ ಬರೆದವರು ಯಾರು?

ಚಿತ್ರ ಅವರದ್ದೇ. ಅದರಲ್ಲಿ ನನಗೆ ಅನುಮಾನವೇ ಇಲ್ಲ. ಆ ಚುಕ್ಕೆ ಬೇಕು, ಇದು ಬೇಡ ಎಂದು ಹೇಳಿದ್ದು ಅವರ ಕಣ್ಣು.

ಒಪ್ಪಿಗೆಯಾದ ಪ್ರೂಫನ್ನು ಗೋಡೆಗೆ ಅಂಟಿಸಿದೆವು. ಅದಕ್ಕೆ ಫ್ರೆಂಚಿನಲ್ಲಿ 'ಬೋನ್ ಆ ತಿರೆ' ಅಂತಾರೆ, ಇನ್ನು ಅಚ್ಚು ಹಾಕಬಹುದು ಅಂತ ಅರ್ಥ. ಆಮೇಲೆ ಎಡಿಷನ್, ಅಂದರೆ ಒಂದೇ ಥರದ 15 ಪ್ರತಿ ತೆಗೆಯುವುದು, ಶುರು. ಅಲ್ಲಿಂದಾಚೆ ನನ್ನ ಕೆಲಸ ಗೋಡೆ ಮೇಲಿನದಕ್ಕೆ ಹೊಂದಿಸುವುದು, ಅಷ್ಟೇ. ಒಂಬತ್ತನೆಯದು ತುಸು ಕಪ್ಪಾಗಿ ಬಂತು. ಮೇಡಂಗೆ ಅದೇ ಜಾಸ್ತಿ ಇಷ್ಟವಾಯಿತು, ಎಡಿಷನ್ನಿಗೆ ಸೇರಿಸು ಅಂದರು. ನಾನು ಒಪ್ಪಲಿಲ್ಲ. ಅರ್ಧ ಗಂಟೆ ವಾದವಾಯಿತು. ಕೊನೆಗೆ ಅದನ್ನು ಅವರೇ ಮನೆಗೆ ತೆಗೆದುಕೊಂಡು ಹೋದರು, ನಾನು ಒಂಬತ್ತನೆಯದನ್ನು ಮತ್ತೆ ತೆಗೆದೆ. ಜೆರಾಕ್ಸ್ ಅಂಗಡಿಯಲ್ಲಿ ಇಂಥ ಜಗಳ ನಡೆದದ್ದು ನಾನಂತೂ ಕೇಳಿಲ್ಲ.

ಹೆಸರಿನ ವಿಷಯಕ್ಕೆ ಬರೋಣ, ನಿಮ್ಮಪ್ಪನವರ ನಿಜವಾದ ಚಿಂತೆ ಅದೇ ಇರಬೇಕು. ಜಪಾನಿನ ಹೊಕುಸಾಯಿಯ ಆ ದೊಡ್ಡ ಅಲೆಯ ಚಿತ್ರ ನೋಡಿಯೇ ಇರುತ್ತೀರಿ. ಬರೆದದ್ದು ಅವನು. ಮರ ಕೆತ್ತಿದವರು ಬೇರೆ, ಅಚ್ಚು ಹಾಕಿದವರು ಬೇರೆ. ನಮ್ಮ ಅಜ್ಜಿಯರ ದೇವರ ಕೋಣೆಯ ರವಿವರ್ಮನ ಲಕ್ಷ್ಮಿ, ಸರಸ್ವತಿಯೂ ಹಾಗೇ. 1894ರಲ್ಲಿ ಮುಂಬೈಯಲ್ಲಿ ಪ್ರೆಸ್ ಶುರುಮಾಡಿದಾಗ ಕಲ್ಲಚ್ಚಿನ (ಕಲ್ಲಿನ ಮೇಲೆ ಬರೆದು ಅಚ್ಚು ಹಾಕುವ) ಕೆಲಸ ಬಲ್ಲ ಜರ್ಮನ್ನರನ್ನು ಕರೆಸಿಕೊಂಡಿದ್ದರು. ಅವರಲ್ಲೊಬ್ಬ ಫ್ರಿಟ್ಜ್ ಶ್ಲೈಷರ್, ಮುಂದೆ ಪ್ರೆಸ್ಸನ್ನೇ ಕೊಂಡುಕೊಂಡ. ಆದರೆ ಮನೆಯಲ್ಲಿ ಯಾರ ಬಾಯಲ್ಲಿ ಆ ಹೆಸರು ಕೇಳಿದ್ದೀರಿ?

ಪ್ರಿಂಟರ್ ಅನ್ನುವವನಿಗೂ ಒಂದು ಗುರುತು ಬೇಕು ಅನ್ನುವುದನ್ನು ಗಟ್ಟಿ ಮಾಡಿದವರಲ್ಲಿ ಅಮೆರಿಕದ ಕಲಾವಿದೆ ಜೂನ್ ವೇಯ್ನ್ ಒಬ್ಬರು. ತಮ್ಮ ದೇಶದಲ್ಲಿ ಕಲಾವಿದರ ಜೊತೆ ಕೂತು ಕಲ್ಲಚ್ಚು ಮಾಡಬಲ್ಲವರೇ ಸಿಗುತ್ತಿಲ್ಲ ಅಂತ ಅವರು 1960ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಟಾಮರಿಂಡ್ ಎಂಬ ಕಾರ್ಯಾಗಾರ ತೆರೆದರು. (ಹೌದು, ಹುಣಸೆಯೇ. ಅದಿದ್ದ ಬೀದಿಯ ಹೆಸರದು.) ಅಲ್ಲಿ ತಯಾರಾದ ಪ್ರತಿಗಳ ಮೂಲೆಯಲ್ಲಿ ಕಾರ್ಯಾಗಾರದ ಗುರುತೂ ಇರುತ್ತದೆ, ಪ್ರಿಂಟರ್ ಗುರುತೂ ಇರುತ್ತದೆ. ಅದಕ್ಕೆ 'ಚಾಪ್' ಅಂತಾರೆ. ನಮ್ಮದು ಒಂದು ಕಾಫಿ ಎಲೆ. ಇಂಕಿಲ್ಲದೆ ಒತ್ತಿದ ಉಬ್ಬು ಮಾತ್ರ, ಬೆಳಕಿಗೆ ಓರೆಯಾಗಿ ಹಿಡಿದರೆ ಕಾಣುತ್ತದೆ. ಇಲ್ಲಿಂದ ಬೇಲೂರು 25 ಕಿಲೋಮೀಟರ್ ಆಗಬಹುದು. ಅಲ್ಲಿ ದೇವಸ್ಥಾನ ಕಟ್ಟಿಸಿದ್ದು ವಿಷ್ಣುವರ್ಧನ ಅಂತ ಮಕ್ಕಳಿಗೂ ಗೊತ್ತು. ಆದರೆ ಬಳ್ಳಿಗಾವೆಯ ಶಿಲ್ಪಿ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರನ್ನೂ ಕಲ್ಲಲ್ಲಿ ಕೆತ್ತಿ ಹೋಗಿದ್ದಾರೆ. ಬಗ್ಗಿ ಹುಡುಕಬೇಕು, ಅಷ್ಟೇ.

ಅದಕ್ಕೇ ಹೇಳುವುದು, ಸೇರುವ ಮುಂಚೆ ಚಾಪ್ ಬಗ್ಗೆ ಕೇಳಿ. ಪ್ರತಿ ಎಡಿಷನ್ನಿನಲ್ಲಿ ಪ್ರಿಂಟರಿಗೆ ಒಂದು ಪ್ರತಿ ಕೊಡುವ ರೂಢಿ ಇದೆಯಾ ಕೇಳಿ. ಭಾನುವಾರ ನಿಮ್ಮ ಸ್ವಂತ ಪ್ಲೇಟಿಗೆ ಪ್ರೆಸ್ ಬಿಟ್ಟುಕೊಡುತ್ತಾರಾ ಅನ್ನುವುದು ಸಂಬಳಕ್ಕಿಂತ ಮುಖ್ಯ. ಸಂಬಳ ಹೇಗೂ ಕಮ್ಮಿಯೇ ಇರುತ್ತದೆ, ಆ ಬಗ್ಗೆ ಸುಳ್ಳು ಹೇಳುವುದಿಲ್ಲ. ಆಸಿಡ್ ಇಡುವ ಕೋಣೆಗೆ ಎಕ್ಸಾಸ್ಟ್ ಫ್ಯಾನ್ ಇಲ್ಲದಿದ್ದರೆ ಮಾತ್ರ ಬೇಡವೇ ಬೇಡ, ಎಷ್ಟೇ ದೊಡ್ಡ ಹೆಸರಿನ ಸ್ಟುಡಿಯೋ ಆಗಿರಲಿ.

ಮೊದಲ ದಿನ ಉಗುರು ಕತ್ತರಿಸಿಕೊಂಡು, ಉಂಗುರ ಬಿಚ್ಚಿಟ್ಟು ಹೋಗಿ. ಗ್ರೌಂಡ್ ಹಚ್ಚಿದ ಪ್ಲೇಟಿಗೆ ಉಗುರು ತಾಗಿದರೂ ಗೆರೆ ಬೀಳುತ್ತದೆ.